ಮಾಗಡಿ ರಸ್ತೆಯಲ್ಲಿ ಒಂದು ನಡುಕ

ಬೆಂಗಳೂರಿನಿಂದ ಪಡುವಣ ದಿಕ್ಕಿಗೆ ಮಾಗಡಿಯ ಹಾದಿ ಹಿಡಿದು ಹೊರಟವರು ಕಾಮಾಕ್ಷಿಪಾಳ್ಯವನ್ನು ದಾಟಿ, ಸುಮನಹಳ್ಳಿಯನ್ನು ಹಿಂದೆ ಬಿಟ್ಟು, ಸುಂಕದಕಟ್ಟೆಯ ಜನಸಂದಣಿಯಲ್ಲಿ ಹೇಗೋ ನುಸುಳಿಕೊಂಡು ಮುಂದುವರಿದರೆ ಹೇರೋಹಳ್ಳಿಯನ್ನು ಸೇರುತ್ತಾರೆ. ಸೇರಿದ್ದು ಗೊತ್ತಾಗುವುದು ಮಾತ್ರ ಅಂಗಡಿಗಳ ಹಲಗೆಗಳಿಂದಲೇ. ಊರಿನ ಹೊರಗೆ ಒಂದು ಕೆರೆ, ಕೆರೆಯಾಚೆ ಹೊಲ, ಹೊಲದಾಚೆ ಮತ್ತೊಂದು ಊರು ಎಂಬ ಹಿಂದಿನ ಕ್ರಮ ಇಲ್ಲಿ ಕೆಟ್ಟು ಬಹಳ ಕಾಲವಾಯಿತು. ಪಾಳ್ಯ, ಹಳ್ಳಿ, ಕಟ್ಟೆ ಎಂಬ ಹೆಸರುಗಳಷ್ಟೇ ಹಳೆಯ ಎಲ್ಲೆಗಳನ್ನು ಕಾಯುತ್ತಿವೆ. ಎಲ್ಲೆಗಳು ತಾವೇ ಇಲ್ಲ. ಕೆರೆಯೇನೋ ಉಳಿದಿದೆ. ಅದರ ಸುತ್ತ ಬೇಲಿ ಬಂದಿದೆ, ಮುಂಜಾನೆಯ ಹೊತ್ತು ದಂಡೆಯ ಮೇಲೆ ನಡೆದಾಡುವವರು ಬಂದಿದ್ದಾರೆ. ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಇದೇ ಮಾಗಡಿ ರಸ್ತೆಯ ಮೇಲೆ ಹನ್ನೆರಡೂವರೆ ಕಿಲೋಮೀಟರು ಉದ್ದದ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸರಕಾರ 2024ನೆಯ ಇಸವಿಯಲ್ಲಿ ಒಪ್ಪಿಗೆ ಕೊಟ್ಟಿರುವುದರಿಂದ, ಈ ಊರುಗಳ ಮುಖ ಇನ್ನೊಮ್ಮೆ ಬದಲಾಗುವುದರಲ್ಲಿ ಸಂದೇಹವಿಲ್ಲ.

ಹೇರೋಹಳ್ಳಿಯ ನಿಜವಾದ ಪರಿಚಯವಾಗಬೇಕಾದರೆ ಹೆದ್ದಾರಿಯನ್ನು ಬಿಟ್ಟು ಅಡ್ಡರಸ್ತೆಗಳಿಗೆ ಇಳಿಯಬೇಕು, ಇಳಿದ ಮೇಲೆ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಬೇಕು. ಉತ್ತರಕ್ಕೆ ಅಂದ್ರಹಳ್ಳಿ, ಅದರಾಚೆಗೆ 1970ರ ದಶಕದಿಂದ ಬೆಳೆಯುತ್ತ ಬಂದ ಪೀಣ್ಯದ ಕೈಗಾರಿಕಾ ಪ್ರದೇಶ. ಆ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಸಾಮಾನುಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಈ ಹಳ್ಳಿಗಳ ಮನೆಗಳ ನೆಲಮಹಡಿಯನ್ನೆಲ್ಲ ಹಿಡಿದುಕೊಂಡಿವೆ. ಮೇಲೆ ಒಗೆದ ಸೀರೆ ಒಣಗುತ್ತಿರುತ್ತದೆ. ಕೆಳಗೆ ಲೇತು ಕಬ್ಬಿಣದ ಸುರುಳಿಯನ್ನು ಸುಲಿಯುತ್ತಿರುತ್ತದೆ. ಒಂದು ಬಾಗಿಲಿನಿಂದ ಪ್ರೆಸ್ಸಿನ ಧಡಲ್ ಧಡಲ್, ಮುಂದಿನ ಬಾಗಿಲಿನಿಂದ ಸಾಣೆಯ ಕಲ್ಲಿನ ಕೀರಲು. ಇಷ್ಟು ಬಗೆಯ ಸದ್ದುಗಳ ನಡುವೆ ಬಾಳುವವರಿಗೆ ಯಾವ ಸದ್ದು ಸರಿ, ಯಾವುದು ಕೆಟ್ಟದ್ದು ಎಂಬ ವಿವೇಕ ತಾನಾಗಿಯೇ ಬಂದುಬಿಡುತ್ತದೆಯೋ ಏನೋ. ಹಳೆಯ ಮೋಟಾರುಸೈಕಲ್ಲುಗಳನ್ನು ಸಾಕಿಕೊಂಡಿರುವ ಮಹನೀಯರು ದೂರದೂರದ ಬಡಾವಣೆಗಳಿಂದ ಈ ಕಡೆಗೆ ಬರುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಲೇತು. ಅಂಗಡಿಯಲ್ಲಿ ಸಿಕ್ಕದ ಸಾಮಾನನ್ನು ಇಲ್ಲಿ ಕಡೆದು ಕೊಡುತ್ತಾರೆ.

ಹಾಗೆ ಬರುವ ಗಾಡಿಗಳಲ್ಲಿ ಮೈಸೂರಿನವು ಸಾಕಷ್ಟು. ಮೈಸೂರಿನವು ಎಂದರೆ ಜಾವಾ ಮತ್ತು ಯೆಜ್ದಿ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಯಂತ್ರೋದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರುಸೈಕಲ್ಲಿನ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ಆ ಸಂಸ್ಥೆಯ ಹೆಸರಿನ ಮೊದಲ ಎರಡನ್ನು ಸೇರಿಸಿ ಮಾಡಿದ ಹೆಸರು ಜಾವಾ. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿ, 1961ರಲ್ಲಿ ಗಾಡಿಗಳನ್ನು ಹೊರಗೆ ತಂದರು. ಜಯಚಾಮರಾಜ ಒಡೆಯರು ಆಗ ರಾಜ್ಯದ ರಾಜ್ಯಪಾಲರು. ಕಾರ್ಖಾನೆಯ ಉದ್ಘಾಟನೆ ಅವರ ಕೈಯಿಂದಲೇ ಆಯಿತು. 1973ರಿಂದ ಗಾಡಿಯ ಹೆಸರು ಯೆಜ್ದಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಹೆಸರುಗಳನ್ನು ಹೊತ್ತ ಹೊಸ ಗಾಡಿಗಳು 2018ರಿಂದೀಚೆಗೆ ಬೇರೆ ಸಂಸ್ಥೆಯಿಂದ ಬರುತ್ತಿವೆ. ಅವುಗಳ ಎಂಜಿನ್ನು ಬೇರೆ, ಜಾತಿಯೇ ಬೇರೆ. ಹಳೆಯ ಗಾಡಿಗೆ ಅವುಗಳ ಸಾಮಾನು ಒದಗಿ ಬರುವುದಿಲ್ಲ. ಹಳೆಯದರ ಅಸಲು ಸಾಮಾನು ಈಗ ಯಾರದೋ ಗೂಡಿನಲ್ಲಿ ಕಾಗದ ಬಿಚ್ಚದೆ ಉಳಿದಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಹೊಸದಾಗಿ ಮಾಡಿ ಮಾರುವವರು ಇದ್ದಾರೆ. ಕೆಲವರ ಮಾಲು ಚೆನ್ನ, ಕೆಲವರದು ತಳುಕು ಮಾತ್ರ.

ಈ ಮಾತನ್ನು ಮೊದಲೇ ಹೇಳಿದ್ದಕ್ಕೆ ಕಾರಣವುಂಟು. ಎಂಜಿನ್ನಿನ ನಡುಕ ಎಂಬ ಕಾಯಿಲೆಯಲ್ಲಿ ರೋಗಕ್ಕಿಂತ ಚಿಕಿತ್ಸೆಯೇ ಅಪಾಯಕಾರಿಯಾಗುವುದುಂಟು. ಅರವತ್ತು ವರ್ಷ ಸುಖವಾಗಿ ಕೂಡಿಕೊಂಡಿದ್ದ ಲೋಹಗಳನ್ನು ಒಮ್ಮೆ ಬೇರ್ಪಡಿಸಿದರೆ ಅವು ಮತ್ತೆ ಮೊದಲಿನಂತೆ ಕೂಡುತ್ತವೆಂಬ ಭರವಸೆಯಿಲ್ಲ. ಒಳಗಿನ ಕ್ರ್ಯಾಂಕನ್ನು ಬಿಚ್ಚಿದ ಮೇಲೆ ಕೈಗೆ ಸಿಗುವ ಹೊಸ ಕನೆಕ್ಟಿಂಗ್ ರಾಡು ಹಳೆಯದಕ್ಕಿಂತ ಕೀಳಾಗಿದ್ದರೆ, ಇದ್ದ ಗಾಡಿಯನ್ನು ಕೈಯಾರೆ ಕೆಡಿಸಿದಂತೆ. ಆದ್ದರಿಂದ ಬಿಚ್ಚಬೇಕೆ, ಬಿಚ್ಚಬಾರದೆ ಎಂಬ ಒಂದು ಪ್ರಶ್ನೆಯ ಮೇಲೆ ಗಾಡಿಯ ಆಯುಸ್ಸು ನಿಂತಿರುತ್ತದೆ.

ಒಂದು ಶನಿವಾರದ ಮುಂಜಾನೆ ಹೇರೋಹಳ್ಳಿಯ ಅಂಥ ಒಂದು ಅಡ್ಡರಸ್ತೆಯ ಗ್ಯಾರೇಜಿನ ಮುಂದೆ ಕೆಂಪುಬಣ್ಣದ ಜಾವಾ ಒಂದು ಬಂದು ನಿಂತಿತು. 1968ರ ಗಾಡಿ. ಇಳಿದವರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಯಜಮಾನರು. ಗಾಡಿ ಅವರ ತಂದೆ ಮೈಸೂರಿನಲ್ಲಿದ್ದಾಗ ಕೊಂಡದ್ದು. ಇಳಿದವರೇ ಎರಡು ಅಂಗೈಗಳನ್ನೂ ಒಂದಕ್ಕೊಂದು ಉಜ್ಜಿಕೊಂಡರು. ಅದು ಚಳಿಗಲ್ಲ. ಹ್ಯಾಂಡಲಿನ ನಡುಕಕ್ಕೆ ಬೆರಳುಗಳು ಜೋಮುಹಿಡಿದಿದ್ದವು.

ಅಂಗೈಯ ಈ ಜೋಮನ್ನು ಹಗುರವಾಗಿ ಕಾಣುವಂತಿಲ್ಲ. ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಗಳನ್ನು ಹಿಡಿದು ಸುಣ್ಣಕಲ್ಲು ಕೆತ್ತುತ್ತಿದ್ದ ಅಮೆರಿಕದ ಇಂಡಿಯಾನಾ ಪ್ರಾಂತದ ಕೆಲಸಗಾರರ ಬೆರಳುಗಳು ಬಿಳಚಿಕೊಂಡು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತಿದ್ದುದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ಪರೀಕ್ಷಿಸಿ ವರದಿ ಮಾಡಿದ್ದಳು. ದಿನಕ್ಕೆ ಅರ್ಧ ಗಂಟೆ ಗಾಡಿ ಓಡಿಸುವವರಿಗೆ ಅಂಥ ಗತಿ ಒದಗದು, ನಿಜ. ಆದರೆ ಅರವತ್ತೆಂಟರ ಮುದಿಬೆರಳುಗಳು ಬ್ರೇಕಿನ ಹಿಡಿಯನ್ನು ಸಕಾಲಕ್ಕೆ ಅಮುಕಲಾರದೆ ಹೋದರೆ ಸುಂಕದಕಟ್ಟೆಯ ಬಸ್ಸುಗಳ ನಡುವೆ ಏನಾದೀತೆಂಬುದನ್ನು ಅವರ ಮನೆಯವರು ಯೋಚಿಸಿಯೇ ಇದ್ದರು. ಗಾಡಿಯನ್ನು ಮಾರಿಬಿಡಿ ಎಂಬುದು ಮನೆಯವರ ತೀರ್ಮಾನ. ಎಂಜಿನ್ನನ್ನು ಪೂರ್ತಿ ಇಳಿಸಿ ಕ್ರ್ಯಾಂಕ್ ಬದಲಿಸಬೇಕು ಎಂಬುದು ಅದುವರೆಗೆ ನೋಡಿದ್ದ ಬೇರೊಬ್ಬ ಮೆಕ್ಯಾನಿಕ್ಕಿನ ತೀರ್ಮಾನ. ಎರಡಕ್ಕೂ ಒಪ್ಪದೆ ಯಜಮಾನರು ಇಲ್ಲಿಗೆ ಬಂದಿದ್ದರು.

ಗ್ಯಾರೇಜಿನ ಮೇಸ್ತ್ರಿಗೂ ಅವರಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ. ಮೇಸ್ತ್ರಿ ಸ್ಪ್ಯಾನರನ್ನು ಮುಟ್ಟಲಿಲ್ಲ. ಗಾಡಿಯನ್ನು ಸುತ್ತು ಹಾಕಿ, ಕಲ್ಲಿನ ಮೇಲೆ ಕುಳಿತು, ಕೇಳತೊಡಗಿದ.

“ಯಾವಾಗಿಂದ ಯಜಮಾನ್ರೇ?”

“ಒಂದು ವರ್ಷ ಆಯ್ತು. ಮೊದಮೊದಲು ಇಷ್ಟಿರಲಿಲ್ಲ.”

“ಅದಕ್ಕೆ ಮುಂಚೆ ಏನು ಕೆಲಸ ಮಾಡಿಸಿದ್ರಿ?”

“ಬೋರ್ ಮಾಡಿಸಿದ್ದು ನಾಲ್ಕು ವರ್ಷದ ಹಿಂದೆ. ಆಮೇಲೆ ಒಂದ್ಸಲ ಎಂಜಿನ್ ಇಳಿಸಿ ಗೇರಿನ ಕೆಲಸ ಮಾಡಿದ್ರು. ಅದೂ ಎರಡು ವರ್ಷ ಆಯ್ತು.”

“ಎಷ್ಟು ಸ್ಪೀಡಲ್ಲಿ ನಡುಗುತ್ತೆ?”

“ಟಾಪಲ್ಲಿ ನಲವತ್ತೈದು ದಾಟಿದ್ರೆ ಸಾಕು. ಅರವತ್ತರ ಮೇಲೆ ಹೋದ್ರೆ ಸ್ವಲ್ಪ ಕಡಿಮೆ. ಆದ್ರೆ ಅಷ್ಟು ಓಡಿಸೋಕೆ ಧೈರ್ಯ ಇಲ್ಲ.”

ಮೇಸ್ತ್ರಿ ತಲೆಯಾಡಿಸಿದ. ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುವ ಮುನ್ನ ಉಂಡದ್ದು, ಮಲಗಿದ್ದು, ಎದ್ದದ್ದನ್ನೆಲ್ಲ ವಿಚಾರಿಸುತ್ತಿದ್ದರಲ್ಲ, ಇದು ಅದೇ ಸಂಪ್ರದಾಯ. ಹೊಸ ಮೆಕ್ಯಾನಿಕ್ಕುಗಳಲ್ಲಿ ಸ್ಪ್ಯಾನರಿನ ಆತುರ ಹೆಚ್ಚು. ಕೇಳಿದ್ದರಿಂದಲೇ ಅರ್ಧ ಕಾಯಿಲೆ ತಿಳಿಯುವಾಗ ಕೇಳದೆ ಬಿಚ್ಚುವುದು ಎಂಥ ಬುದ್ಧಿವಂತಿಕೆಯೋ ತಿಳಿಯದು.

ಇಲ್ಲಿ ಓದುಗರು ಒಂದು ಸಂಗತಿಯನ್ನು ತಿಳಿದಿರಬೇಕು. ಜಾವಾದ ಎಂಜಿನ್ನು ನಡುಗದೆ ಇರುವುದು ಸಾಧ್ಯವೇ ಇಲ್ಲ. ಅದಕ್ಕೆ ಇರುವುದು ಒಂದೇ ಸಿಲಿಂಡರು. ಹೊಗೆಕೊಳವೆಗಳು ಎರಡಿದ್ದರೂ ಎರಡೂ ಹೊರಡುವುದು ಆ ಒಂದರಿಂದಲೇ. ಅರವತ್ತೈದು ಮಿಲಿಮೀಟರು ಅಗಲದ ಆ ಕೊಳವೆಯೊಳಗೆ ಪಿಸ್ಟನ್ನು ಎಪ್ಪತ್ತೈದು ಮಿಲಿಮೀಟರು ಮೇಲೇರಿ, ನಿಂತು, ಮತ್ತೆ ಅಷ್ಟೇ ಕೆಳಗಿಳಿಯುತ್ತದೆ. ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುವಾಗ ಈ ಏರಿಳಿತ ಒಂದು ಸೆಕೆಂಡಿಗೆ ಐವತ್ತು ಸಲ. ಬಾವಿಯಲ್ಲಿ ಕೊಡವನ್ನು ಜಗ್ಗಿ ಜಗ್ಗಿ ಎತ್ತಿ ಇಳಿಸುವವನ ಕಾಲ ಕೆಳಗಿನ ಹಲಗೆ ಅಲುಗುವಂತೆ, ಪಿಸ್ಟನ್ನಿನ ಪ್ರತಿಯೊಂದು ತಿರುವೂ ಎಂಜಿನ್ನನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಇದನ್ನು ತಡೆಯಲು ಕ್ರ್ಯಾಂಕಿನ ಚಕ್ರಗಳಲ್ಲಿ ಎದುರುಭಾರವನ್ನಿಟ್ಟಿರುತ್ತಾರೆ. ಆದರೆ ಪಿಸ್ಟನ್ನಿನ ಪೂರ್ತಿ ಭಾರಕ್ಕೆ ಸರಿದೂಗುವಷ್ಟು ಇಟ್ಟರೆ ಮೇಲೆಕೆಳಗಿನ ನಡುಕ ಹೋಗಿ ಹಿಂದುಮುಂದಿನ ನಡುಕ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ನನ್ನು ರಚಿಸಿದವರು ಅರ್ಧಕ್ಕೆ ಅತ್ತಿತ್ತ ತೂಗಿಸಿ ಕೈತೊಳೆದುಕೊಂಡರು. ಹೀಗೆ ಉಳಿಯುವ ನಡುಕ ಆ ಗಾಡಿಯ ಹುಟ್ಟುಗುಣ. ವೇಗ ಇಮ್ಮಡಿಯಾದರೆ ಆ ತಳ್ಳುವ ಬಲ ನಾಲ್ಮಡಿಯಾಗುತ್ತದೆ.

ಅಂದಮೇಲೆ ಪ್ರಶ್ನೆ ನಡುಕ ಇದೆಯೇ ಎಂಬುದಲ್ಲ. ಯಾವ ನಡುಕ ಹುಟ್ಟಿನದು, ಯಾವುದು ನಡುವೆ ಬಂದು ಸೇರಿಕೊಂಡದ್ದು ಎಂಬುದು. ಇದರಲ್ಲಿ ಛಂದಸ್ಸು ಓದಿದವರಿಗೆ ಒಂದಿಷ್ಟು ಅನುಕೂಲವುಂಟು. ಗಾಡಿಯ ಒಂದೊಂದು ಅಂಗಕ್ಕೂ ಒಂದೊಂದು ಲಯವಿದೆ. ನಲವತ್ತು ಕಿಲೋಮೀಟರು ವೇಗದಲ್ಲಿ ಜಾವಾದ ಚಕ್ರ ಒಂದು ಸೆಕೆಂಡಿಗೆ ಸುಮಾರು ಆರು ಸುತ್ತು ಹೋಗುತ್ತದೆ. ಟಾಪ್ ಗೇರಿನಲ್ಲಿ ಅಷ್ಟರೊಳಗೆ ಎಂಜಿನ್ನು ಮೂವತ್ತರ ಆಸುಪಾಸು ಸುತ್ತಿರುತ್ತದೆ. ಆದ್ದರಿಂದ ಟೈರು ಉಬ್ಬಿದ್ದರೆ, ಚಕ್ರ ಸೊಟ್ಟಗಾಗಿದ್ದರೆ ಬರುವುದು ಎಣಿಸಬಹುದಾದಂಥ ಕುಲುಕಾಟ, ಎತ್ತಿನ ಗಾಡಿಯ ಅಣ್ಣನ ಮಗ. ಎಂಜಿನ್ನಿನಿಂದ ಬರುವುದು ಎಣಿಕೆಗೆ ಸಿಗದ ಝೇಂಕಾರ, ದುಂಬಿಯ ಜಾತಿ. ಯಜಮಾನರ ಅಂಗೈಗೆ ತಾಗಿದ್ದು ದುಂಬಿ. ಆದರೆ ದುಂಬಿ ಎಲ್ಲಿ ಕುಳಿತಿದೆ?

ಮೇಸ್ತ್ರಿ ಮೊದಲು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಡಗಡೆಯ ಕಿಕ್ಕನ್ನು ತುಳಿದ. ಕಿಕ್ಕು, ಗೇರು ಎರಡಕ್ಕೂ ಒಂದೇ ಹಿಡಿಕೆಯಿರುವುದು ಈ ಗಾಡಿಯ ಒಂದು ಸೊಗಸು. ಹತ್ತಿಸಿಯಾದ ಮೇಲೆ ಅದನ್ನೇ ತಿರುಗಿಸಿಕೊಂಡರೆ ಗೇರಿನ ಹಿಡಿಕೆ. ನ್ಯೂಟ್ರಲಿನಲ್ಲಿ ರೇಸು ಕೊಟ್ಟಾಗ ಒಂದು ಹಂತದಲ್ಲಿ ಹ್ಯಾಂಡಲು ಝುಮ್ಮೆಂದಿತು, ಆದರೆ ಯಜಮಾನರು ವರ್ಣಿಸಿದಷ್ಟಲ್ಲ. ಚಕ್ರಗಳು ತಿರುಗದೆ ನಿಂತಿರುವಾಗಲೂ ನಡುಕವಿದೆ ಎಂದ ಮೇಲೆ ಚಕ್ರ, ಟೈರು, ಹಿಂದಿನ ಚೈನುಗಳ ಮೇಲಿನ ಆರೋಪ ಅರ್ಧ ಬಿದ್ದುಹೋಯಿತು. ಉಳಿದರ್ಧವನ್ನು ತಿಳಿಯಲು ರಸ್ತೆಗೇ ಇಳಿಯಬೇಕು. “ಬನ್ನಿ, ತಾವರೆಕೆರೆ ಕಡೆ ಹೋಗಿಬರೋಣ,” ಎಂದು ಮೇಸ್ತ್ರಿ ಗಾಡಿಯನ್ನೇರಿದ. ಯಜಮಾನರು ಹಿಂದೆ ಕುಳಿತರು.

ಮಾಗಡಿ ರಸ್ತೆಯನ್ನು ಗಾಡಿಯ ಪರೀಕ್ಷೆಗೆ ಆರಿಸಿಕೊಂಡದ್ದು ಅನಿವಾರ್ಯದಿಂದಲೇ ಸರಿ. ಪೂರ್ವಕ್ಕೆ ತಿರುಗಿದರೆ ಇಡೀ ಬೆಂಗಳೂರು ಅಡ್ಡ ನಿಲ್ಲುತ್ತದೆ. ಪಶ್ಚಿಮಕ್ಕೆ ಬ್ಯಾಡರಹಳ್ಳಿಯನ್ನು ದಾಟಿ ನೈಸ್ ರಸ್ತೆಯನ್ನು ಹಾಯ್ದ ಮೇಲೆ ಗಾಳಿ ಸ್ವಲ್ಪ ಬದಲಾಗುತ್ತದೆ. ಕಡಬಗೆರೆ, ಮಾಚೋಹಳ್ಳಿಗಳ ಆಸುಪಾಸಿನಲ್ಲಿ ಬಡಾವಣೆಗಳ ಕಲ್ಲುಕಂಬಗಳ ನಡುವೆ ಇನ್ನೂ ಅಲ್ಲಲ್ಲಿ ತುಂಡು ರಾಗಿಹೊಲ, ನೀಲಗಿರಿಯ ಸಾಲು. ತಾವರೆಕೆರೆಯಿಂದ ಮುಂದೆ ನೆಲ ಏರಿಳಿಯುತ್ತದೆ. ಇನ್ನೂ ಮುಂದಕ್ಕೆ ಅರ್ಕಾವತಿ, ಕುಮುದ್ವತಿಗಳು ಕೂಡುವಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯ, ಬೆಂಗಳೂರಿಗೆ 1933ರಿಂದ ನೀರುಣಿಸಿದ ಚಾಮರಾಜಸಾಗರ. ಅದರಾಚೆ ಕೆಂಪೇಗೌಡರ ಮಾಗಡಿ, ಒಂದೇ ಬಂಡೆಯ ಸಾವನದುರ್ಗ. ಯಜಮಾನರ ತಂದೆ ಇದೇ ಗಾಡಿಯಲ್ಲಿ ಮಗನನ್ನು ಮುಂದಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ತಿರುಮಲೆಯ ರಂಗನಾಥನ ತೇರಿಗೆ ಹೋಗಿ ಬಂದದ್ದುಂಟಂತೆ. ಆಗ ಟ್ಯಾಂಕು ನಡುಗುತ್ತಿತ್ತೇ ಎಂದು ಮೇಸ್ತ್ರಿ ಗಾಳಿಯಲ್ಲೇ ಕೂಗಿ ಕೇಳಿದ. ಯಜಮಾನರಿಗೆ ನೆನಪಿದ್ದದ್ದು ಟ್ಯಾಂಕಿನ ಬಿಸಿ ಮಾತ್ರ.

ಸಮತಟ್ಟಾದ ಒಂದು ಹರವಿನಲ್ಲಿ ಮೇಸ್ತ್ರಿ ಮೂರು ಪರೀಕ್ಷೆಗಳನ್ನು ಮಾಡಿದ. ಯಾವ ಉಪಕರಣವೂ ಬೇಡದ ಪರೀಕ್ಷೆಗಳು. ಟಾಪ್ ಗೇರಿನಲ್ಲಿ ನಲವತ್ತೈದಕ್ಕೆ ಏರಿಸಿ, ನಡುಕ ಹುಟ್ಟಿದೊಡನೆ ಕ್ಲಚ್ಚನ್ನು ಹಿಡಿದು ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಟ್ಟ. ಚಕ್ರಗಳು ಅದೇ ವೇಗದಲ್ಲಿ ತಿರುಗುತ್ತಿದ್ದುವು. ನಡುಕ ಥಟ್ಟನೆ ನಿಂತಿತು. ಅಲ್ಲಿಗೆ ಚಕ್ರಗಳ ಮೇಲಿನ ಮೊಕದ್ದಮೆ ಪೂರ್ತಿ ವಜಾ. ಆಮೇಲೆ ಮೂರನೆಯ ಗೇರಿಗೆ ಇಳಿಸಿದ. ಈಗ ನಡುಕ ಮೂವತ್ತೈದರ ಹತ್ತಿರಕ್ಕೇ ಬಂದುಬಿಟ್ಟಿತು. ಗೇರು ಕೆಳಗಿಳಿದಷ್ಟೂ ಎಂಜಿನ್ನಿಗೆ ಸುತ್ತು ಹೆಚ್ಚು ತಾನೆ? ಮೂರನೆಯದರ ಮೂವತ್ತೈದಕ್ಕೂ ಟಾಪಿನ ನಲವತ್ತೈದಕ್ಕೂ ಎಂಜಿನ್ನಿನ ಸುತ್ತು ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಡುಕ ಹಿಂಬಾಲಿಸುತ್ತಿರುವುದು ರಸ್ತೆಯ ವೇಗವನ್ನಲ್ಲ, ಎಂಜಿನ್ನಿನ ವೇಗವನ್ನು.

ಮೂರನೆಯದೇ ಎಲ್ಲಕ್ಕಿಂತ ಸೂಕ್ಷ್ಮ. ಒಂದು ಏರಿನಲ್ಲಿ ಅದೇ ವೇಗವನ್ನು ಕಾದುಕೊಂಡು ರೇಸು ಕೊಟ್ಟು ಏರಿಸಿದಾಗ ನಡುಕ ಹೆಚ್ಚಾಯಿತು. ಇಳಿಜಾರಿನಲ್ಲಿ ರೇಸು ಸಡಿಲಿಸಿದಾಗ ಕುಗ್ಗಿತು. ಕ್ರ್ಯಾಂಕೇ ಓರೆಯಾಗಿದ್ದರೆ ಏರೇನು ಇಳಿಜಾರೇನು, ಅಷ್ಟು ಸುತ್ತಿಗೆ ಅಷ್ಟು ನಡುಕ ಬಂದೇ ಬರಬೇಕು. ಎಳೆತ ಬಿದ್ದಾಗ ಮಾತ್ರ ಹೆಚ್ಚುವುದೆಂದರೆ, ಚೈನಿನ ಎಳೆತಕ್ಕೆ ಯಾವುದೋ ಒಂದು ತಾನಿದ್ದ ಸ್ಥಳವನ್ನು ಬಿಟ್ಟು ಜರುಗುತ್ತಿದೆ. ಮೇಸ್ತ್ರಿ ಅಲ್ಲಿಂದಲೇ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ.

ಗ್ಯಾರೇಜಿಗೆ ಬಂದ ಮೇಲೂ ಅವನು ನೇರವಾಗಿ ಎಂಜಿನ್ನಿಗೆ ಕೈಹಾಕಲಿಲ್ಲ. ಹೊಗೆಕೊಳವೆಗಳ ಬಳೆಗಳನ್ನು ತಿರುಗಿಸಿ ನೋಡಿದ, ಬಿಗಿಯಾಗಿದ್ದುವು. ಸೈಲೆನ್ಸರುಗಳ ಒಳಗಿನ ನಳಿಗೆಗಳನ್ನು ಎಳೆದು ತೆಗೆದ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಉರಿಸುವ ಈ ಬಗೆಯ ಎಂಜಿನ್ನುಗಳಲ್ಲಿ ಅಲ್ಲಿ ಮಸಿ ಕಟ್ಟಿಕೊಂಡು, ಹೊಗೆ ಹೊರಹೋಗಲಾರದೆ, ಒಂದು ಸಲ ಉರಿದು ಒಂದು ಸಲ ಬಿಟ್ಟು ಎಂಜಿನ್ನು ಮುಗ್ಗರಿಸುವುದುಂಟು. ಅದನ್ನೇ ದೊಡ್ಡ ರೋಗವೆಂದು ತಿಳಿದು ಎಂಜಿನ್ನನ್ನು ಬಿಚ್ಚಿಸಿದವರೂ ಉಂಟು. ಮಸಿಯೇನೋ ಇತ್ತು, ನಳಿಗೆಗಳು ಮುಚ್ಚಿಹೋಗುವಷ್ಟಲ್ಲ. ಹುಡುಗನೊಬ್ಬ ಅವನ್ನು ಬೆಂಕಿಗೆ ಹಿಡಿದು ಸುಟ್ಟು ಬಡಿದು ತಂದ. ಜಾವಾದ ಹಿಂದಿನ ಚೈನು ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿರುತ್ತದೆ. ಧೂಳಿಗೆ ಕಾಣದ್ದು ಯಜಮಾನನಿಗೂ ಕಾಣದು. ಅದನ್ನೂ ತೆರೆದು, ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ, ಎಲ್ಲಿಯಾದರೂ ಬಿಗಿ, ಎಲ್ಲಿಯಾದರೂ ಸಡಿಲ ಆಗುತ್ತದೆಯೇ ಎಂದು ನೋಡಿದ. ಅಲ್ಪಸ್ವಲ್ಪ.

ಆಮೇಲೆ ಗಾಡಿಯನ್ನು ಮತ್ತೆ ಹತ್ತಿಸಿ, ಹುಡುಗನ ಕೈಗೆ ರೇಸು ಕೊಟ್ಟು, ತಾನು ನೆಲದ ಮೇಲೆ ಮಂಡಿಯೂರಿದ. ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿರುವ ಬೋಲ್ಟುಗಳಿಗೆ ಈ ಕಡೆಯವರು ಫೌಂಡೇಶನ್ ಬೋಲ್ಟು ಎನ್ನುತ್ತಾರೆ. ಮನೆಗೆ ತಳಹದಿಯಿದ್ದಂತೆ ಎಂಬ ಭಾವ; ಒಳ್ಳೆಯ ಹೆಸರು. ಒಂದೊಂದು ಬೋಲ್ಟಿನ ಬಳಿಯೂ ಮೇಸ್ತ್ರಿ ತನ್ನ ತೋರುಬೆರಳನ್ನು ಎಂಜಿನ್ನಿನ ಕಿವಿಗೂ ಚೌಕಟ್ಟಿನ ಕೊಳವೆಗೂ ಏಕಕಾಲಕ್ಕೆ ತಾಗುವಂತೆ ಅಡ್ಡವಾಗಿ ಇಟ್ಟ. ಎರಡೂ ಒಂದೇ ತಾಳಕ್ಕೆ ನಡುಗಿದರೆ ಬೆರಳಿಗೆ ಒಂದೇ ವಸ್ತುವನ್ನು ಮುಟ್ಟಿದಂತೆ. ಒಂದು ಮುಂದೆ ಇನ್ನೊಂದು ಹಿಂದೆ ಆದರೆ ಬೆರಳು ಅವೆರಡರ ಸಂದಿನಲ್ಲಿ ಕಚ್ಚಿಸಿಕೊಂಡಂತಾಗುತ್ತದೆ. ಹಿಂಬದಿಯ ಕೆಳಗಿನ ಬೋಲ್ಟಿನ ಹತ್ತಿರ ಬೆರಳು ನಿಂತಿತು.

“ಯಜಮಾನ್ರೇ, ಇಲ್ಲಿ ಬೆರಳಿಡಿ.”

ಯಜಮಾನರು ಇಟ್ಟರು. ಅವರ ಜೋಮುಹಿಡಿದ ಬೆರಳಿಗೂ ಅದು ತಿಳಿಯಿತು.

ದೀಪ ಹಿಡಿದು ನೋಡಿದಾಗ ಬೋಲ್ಟಿನ ತಲೆಯ ಸುತ್ತ ಕುಂಕುಮದಂಥ ಸಣ್ಣ ಕೆಂಪು ಹುಡಿ ಕಾಣಿಸಿತು. ಮಳೆನೀರಿನ ತುಕ್ಕು ಪದರವಾಗಿ ಅಂಟಿರುತ್ತದೆ, ಇದು ಹುಡಿ. ಎರಡು ಲೋಹಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ, ಆದರೆ ಲಕ್ಷಾಂತರ ಸಲ ಒಂದನ್ನೊಂದು ತಿಕ್ಕಿದಾಗ ಮಾತ್ರ ಹುಟ್ಟುವಂಥದ್ದು. ನಟ್ಟು ಬಿಗಿಯಾಗಿಯೇ ಇತ್ತು. ನಟ್ಟಿನ ಬಿಗಿಯನ್ನು ನೋಡಿಯೇ ಹಿಂದಿನವರು ಮೋಸಹೋಗಿದ್ದಿರಬೇಕು. ಬೋಲ್ಟನ್ನು ಹೊರಗೆ ತೆಗೆದಾಗ ಸಂಗತಿ ಬಯಲಾಯಿತು. ಎರಡು ವರ್ಷದ ಹಿಂದೆ ಎಂಜಿನ್ನನ್ನು ಇಳಿಸಿ ಏರಿಸುವಾಗ, ಅಸಲು ಬೋಲ್ಟು ಕಳೆದುಹೋಗಿಯೋ ಏನೋ, ಅದಕ್ಕಿಂತ ಕೊಂಚ ತೆಳುವಾದ ಬೇರೊಂದನ್ನು ಹಾಕಿದ್ದರು. ಕೆಲವು ಕಾಲ ನಟ್ಟಿನ ಒತ್ತಡವೇ ಹಿಡಿದುಕೊಂಡಿತು. ಆಮೇಲೆ ಚೈನಿನ ಎಳೆತಕ್ಕೆ ಅದು ಅಲುಗಿ ಅಲುಗಿ ಚೌಕಟ್ಟಿನ ತೂತನ್ನು ಮೊಟ್ಟೆಯಾಕಾರಕ್ಕೆ ಸವೆಸಿಬಿಟ್ಟಿತ್ತು. ಒಂದು ಮೂಲೆ ಸಡಿಲವಾದ ಮೇಲೆ ಚೌಕಟ್ಟಿಗೆ ತನ್ನದೇ ಆದ ಒಂದು ತೂಗಾಟ ಬಂತು. ತೊಟ್ಟಿಲನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಕಿರುಬೆರಳಿನ ಬಲಕ್ಕೂ ಮೇಲೆ ಮೇಲೆ ಏರುವಂತೆ, ಎಂಜಿನ್ನು ಆ ಒಂದು ವೇಗಕ್ಕೆ ಬಂದಾಗ ಹ್ಯಾಂಡಲು ಹಾರುತ್ತಿತ್ತು. ಆ ವೇಗವನ್ನು ದಾಟಿದರೆ ತಾಳ ತಪ್ಪಿ ಕುಗ್ಗುತ್ತಿತ್ತು. ಅರವತ್ತರ ಮೇಲೆ ಕಡಿಮೆ ಎಂದು ಯಜಮಾನರು ಮೊದಲೇ ಹೇಳಿದ್ದರ ಅರ್ಥ ಇದು.

ಇಷ್ಟಕ್ಕೆ ಬಿಟ್ಟಿದ್ದರೆ ಮೇಸ್ತ್ರಿ ಅರ್ಧ ವೈದ್ಯನಾಗುತ್ತಿದ್ದ. ಒಂದು ತಪ್ಪು ಸಿಕ್ಕಿದ್ದರಿಂದ ಇನ್ನೊಂದಿಲ್ಲವೆಂದು ಆಗುವುದಿಲ್ಲ. ಎಂಜಿನ್ನಿನ ಬಲಗಡೆಯ ಮುಚ್ಚಳವನ್ನು ತೆಗೆದ. ಅಲ್ಲಿ ಕ್ರ್ಯಾಂಕಿನ ತುದಿಗೇ ಡೈನಮೋದ ಆರ್ಮೇಚರು ಕೂತಿರುತ್ತದೆ. ಅದರ ಮುಂದೆ ಪಾಯಿಂಟು. ಕ್ರ್ಯಾಂಕಿನ ಬೇರಿಂಗು ಸವೆದಿದೆಯೇ ಎಂದು ತಿಳಿಯಲು ಎಂಜಿನ್ನನ್ನು ಒಡೆಯಬೇಕಾಗಿಲ್ಲ, ಈ ಕಿಟಕಿಯಲ್ಲಿ ಇಣುಕಿದರೆ ಸಾಕು. ಆರ್ಮೇಚರನ್ನು ಹಿಡಿದು ಮೇಲಕ್ಕೆತ್ತಿ ನೋಡಿದರೆ ಅಲುಗಬಾರದು. ಪಾಯಿಂಟಿನ ಸಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಇಟ್ಟು, ಎಷ್ಟು ಸಲ ತಿರುಗಿಸಿ ಅಳೆದರೂ ಅಷ್ಟೇ ಇರಬೇಕು. ಒಮ್ಮೆ ಒಂದು, ಒಮ್ಮೆ ಇನ್ನೊಂದು ಬಂದರೆ ಕ್ರ್ಯಾಂಕಿನ ತುದಿ ತೂರಾಡುತ್ತಿದೆಯೆಂದು ಅರ್ಥ. ಬೇರಿಂಗು ತೀರ ಕೆಟ್ಟಿದ್ದರೆ ಆರ್ಮೇಚರು ಸುತ್ತಲಿನ ಕಾಯಿಲುಗಳ ಕಬ್ಬಿಣಕ್ಕೆ ತಾಗಿ ಹೊಳೆಯುವ ಗೀರುಗಳನ್ನು ಬಿಟ್ಟಿರುತ್ತದೆ. ಗೀರುಗಳಿರಲಿಲ್ಲ. ಆದರೆ ಎತ್ತಿದಾಗ ಕೂದಲೆಳೆಯಷ್ಟು ಅಲುಗಿತು.

ಪ್ಲಗ್ಗನ್ನು ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆ ತಂದು, ಆರ್ಮೇಚರನ್ನು ಹಿಂದಕ್ಕೂ ಮುಂದಕ್ಕೂ ತುಸುತುಸುವೇ ಆಡಿಸಿ, ಕನೆಕ್ಟಿಂಗ್ ರಾಡು ಕಟಕ್ ಎನ್ನುತ್ತದೆಯೇ ಎಂದು ಕಿವಿಗೊಟ್ಟ. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಹೊಟ್ಟೆಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡ. ಬೀದಿಯ ಆಚೆಬದಿಯ ಪ್ರೆಸ್ಸು ಬಡಿಯುತ್ತಲೇ ಇತ್ತು. ಅದರ ಒಂದೊಂದು ಬಡಿತದ ಸಂದಿನಲ್ಲೂ ಅವನು ಕೇಳಿಸಿಕೊಳ್ಳಬೇಕಾಗಿತ್ತು. ರಾಡು ಸದ್ದಿಲ್ಲದೆ ಇತ್ತು.

“ರಾಡು ಚೆನ್ನಾಗಿದೆ. ಬಲಗಡೆ ಬೇರಿಂಗು ವಯಸ್ಸಾಗಿದೆ, ಸತ್ತಿಲ್ಲ. ಈಗ ಬೋಲ್ಟ್ ಮಾಡೋಣ. ಬೇರಿಂಗಿಗೆ ಅಂತ ಎಂಜಿನ್ ಒಡೆಯೋದು ಈಗ ಬೇಡ. ಆರು ತಿಂಗಳಿಗೊಂದ್ಸಲ ಈ ಮುಚ್ಚಳ ತೆಗೆದು ನೋಡಿಸ್ಕೊಳ್ಳಿ. ಗೀರು ಕಾಣಿಸಿದ ದಿನ ಓಡಿಸೋದು ನಿಲ್ಲಿಸಿ ನನ್ನ ಹತ್ರ ತನ್ನಿ.”

ಬೋಲ್ಟಿನ ಕೆಲಸ ಎದುರು ಸಾಲಿನ ಲೇತಿನಲ್ಲಿ ಆಯಿತು. ಮೊಟ್ಟೆಯಾದ ತೂತನ್ನು ಗುಂಡಗೆ ದೊಡ್ಡದು ಮಾಡಿ, ಅದಕ್ಕೆ ಕೂಡುವಂತೆ ಉಕ್ಕಿನ ಬುಷ್ಷೊಂದನ್ನು ಕಡೆದು ಒತ್ತಿ ಕೂರಿಸಿದರು. ಬುಷ್ಷಿನೊಳಗೆ ಕೈಯಿಂದ ತಳ್ಳಿದರೆ ಮಾತ್ರ ಹೋಗುವಂತೆ, ಅಲುಗಿಸಿದರೆ ಅಲುಗದಂತೆ ಹೊಸ ಬೋಲ್ಟು. ಲೇತಿನವನು ಇಪ್ಪತ್ತೆರಡರ ಹುಡುಗ. ದಿನವಿಡೀ ಪೀಣ್ಯದ ಯಾವುದೋ ಕಾರ್ಖಾನೆಗೆ ಒಂದೇ ಅಳತೆಯ ಪಿನ್ನುಗಳನ್ನು ಸಾವಿರಗಟ್ಟಲೆ ಕಡೆಯುವುದು ಅವನ ಪಾಡು. ಈ ಒಂದು ಬುಷ್ಷಿಗೆ ಅವನು ತೆಗೆದುಕೊಂಡ ಹೊತ್ತು, ಪಟ್ಟ ಶ್ರದ್ಧೆ ನೋಡುವಂತಿತ್ತು. ಮೂರು ಸಲ ಅಳೆದು, ನಾಲ್ಕನೆಯ ಸಲ ಮೇಸ್ತ್ರಿಯ ಮುಖ ನೋಡಿ, ಆಮೇಲೆ ಕೊನೆಯ ಸುರುಳಿಯನ್ನು ಸುಲಿದ. ಇದೇ ಲೇತಿನಲ್ಲಿ ಎರಡು ಮೊನೆಗಳ ನಡುವೆ ಕ್ರ್ಯಾಂಕುಗಳನ್ನು ನಿಲ್ಲಿಸಿ, ಡಯಲ್ ಗೇಜಿನ ಮುಳ್ಳನ್ನು ನೋಡುತ್ತ, ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರಮಾಡುವುದೂ ನಡೆಯುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗಕ್ಕಿಂತ ಹೆಚ್ಚು ಓರೆ ಉಳಿದರೆ ತಟ್ಟಿದ್ದು ದಂಡ. ಕ್ರ್ಯಾಂಕ್ ಬದಲಿಸಿ ಎಂದವರ ಮಾತನ್ನು ಕೇಳಿದ್ದರೆ ಯಜಮಾನರ ಗಾಡಿಯೂ ಅಲ್ಲಿಗೇ ಬರಬೇಕಾಗಿತ್ತು. ಬಂದು, ನೇರವಾಗಿಯೇ ಇದ್ದ ಕ್ರ್ಯಾಂಕನ್ನು ಬಿಚ್ಚಿ ಜೋಡಿಸಿಕೊಂಡು, ತೆಳು ಬೋಲ್ಟಿನ ಮೇಲೆ ಮತ್ತೆ ಕುಳಿತು, ಮತ್ತೆ ನಡುಗಬೇಕಾಗಿತ್ತು.

ಸಂಜೆ ನಾಲ್ಕರ ಹೊತ್ತಿಗೆ ಗಾಡಿ ಎರಡನೆಯ ಸಲ ಮಾಗಡಿ ರಸ್ತೆಗೆ ಇಳಿಯಿತು. ಈಗ ಮುಂದೆ ಕುಳಿತವರು ಯಜಮಾನರು. ಕಡಬಗೆರೆಯ ಕ್ರಾಸನ್ನು ದಾಟಿ ನಲವತ್ತೈದಕ್ಕೆ ಬಂದರು, ಐವತ್ತಕ್ಕೆ ಬಂದರು. ಆ ಜಾಗದಲ್ಲಿ ಏನೋ ಒಂದು ಬರಬೇಕಾಗಿದ್ದದ್ದು ಬರಲಿಲ್ಲವೆಂದು ಅವರ ಹೆಗಲುಗಳು ಬಿಗಿಹಿಡಿದು ಕಾಯುತ್ತಿದ್ದುದು ಹಿಂದೆ ಕುಳಿತವನಿಗೆ ಕಾಣುತ್ತಿತ್ತು. ತಾವರೆಕೆರೆಯಲ್ಲಿ ನಿಲ್ಲಿಸಿ ಚಹಾ ಕುಡಿದರು. ಯಜಮಾನರು ಲೋಟವನ್ನು ಬೆರಳ ತುದಿಗಳಲ್ಲೇ ಹಿಡಿದು, ಬಿಸಿ ತಾಗಿ, ಕೈಬದಲಿಸಿದರು. ಬೆಳಗ್ಗೆ ಬಂದಾಗ ಆ ಬೆರಳುಗಳಿಗೆ ಬಿಸಿ ತಿಳಿಯುತ್ತಿತ್ತೋ ಇಲ್ಲವೋ.

“ಮೇಸ್ತ್ರಿ, ಟ್ಯಾಂಕಿನ ಹತ್ರ ಮೊಣಕಾಲಿಗೆ ಇನ್ನೂ ಸಣ್ಣಗೆ ಗುಂಯ್ ಅಂತಿದೆ.”

“ಅದು ಮೈಸೂರಿಂದ ಬಂದಾಗಲೇ ಇತ್ತು ಯಜಮಾನ್ರೇ. ನಿಮ್ಮ ತಂದೇವ್ರಿಗೂ ಅನ್ನುತ್ತಿತ್ತು.”

ಚಹಾದ ದುಡ್ಡನ್ನು ಮೇಸ್ತ್ರಿಯೇ ಕೊಟ್ಟ. ಹೇರೋಹಳ್ಳಿಗೆ ಮರಳುವ ಹೊತ್ತಿಗೆ ಗ್ಯಾರೇಜಿನ ಮುಂದೆ ಒಂದು ಯೆಜ್ದಿಯನ್ನು ತಳ್ಳಿಕೊಂಡು ಬಂದ ತರುಣನೊಬ್ಬ ಕಾಯುತ್ತಿದ್ದ. ಕ್ರ್ಯಾಂಕ್ ಹೋಗಿದೆಯಂತೆ ಎಂದು ಅವನು ಶುರುಮಾಡಿದ. ಮೇಸ್ತ್ರಿ ಕಲ್ಲಿನ ಮೇಲೆ ಕುಳಿತು, ಯಾವಾಗಿನಿಂದ ಎಂದು ಕೇಳಿದ.